ಡಾಕ್ಟರ್ ಒಬ್ಬರೇ ಸಾಲದು: ಕಾಸರಗೋಡಿನ ಬಸುರಿಗೆ ಹೆರಿಗೆ–ಬಾಣಂತನದ ತಂಡ ಕಟ್ಟುವ ಕ್ರಮ

"ಮಂಗಳೂರಿನಲ್ಲಿ ಒಳ್ಳೆಯ ಡಾಕ್ಟರಿಗೆ ತೋರಿಸುತ್ತಿದ್ದೇವೆ, ಇನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ." ಮಂಜೇಶ್ವರ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಈ ಮಾತನ್ನು ನಾನು ಕೇಳದ ವರ್ಷವಿಲ್ಲ. ಹಳ್ಳಿಯ ಉಪಕೇಂದ್ರದಲ್ಲಿ ನರ್ಸಾಗಿದ್ದಾಗ ಕೇಳಿದೆ, ನಿವೃತ್ತಿಯಾದ ಮೇಲೂ ಫೋನಿನಲ್ಲಿ ಕೇಳುತ್ತಿದ್ದೇನೆ. ಡಾಕ್ಟರು ಒಳ್ಳೆಯವರೇ. ಆದರೆ ರಾತ್ರಿ ಎರಡು ಗಂಟೆಗೆ ರಕ್ತ ಕಂಡರೆ ಯಾರಿಗೆ ಮೊದಲು ಫೋನು ಮಾಡಬೇಕೆಂದು ಮನೆಯವರಿಗೆ ಗೊತ್ತಿರುವುದಿಲ್ಲ. ತವರಿಗೆ ಹೋದ ಮೇಲೆ ಅಲ್ಲಿಯ ಆಶಾ ಕಾರ್ಯಕರ್ತೆಗೆ ಇಂಥವಳೊಬ್ಬಳು ಬಂದಿದ್ದಾಳೆಂದೇ ತಿಳಿದಿರುವುದಿಲ್ಲ. ಹೆರಿಗೆಯಾಗಿ ಹತ್ತನೆಯ ದಿನ ಎದೆಯಲ್ಲಿ ಹಾಲು ಗಟ್ಟಿ ಕಟ್ಟಿ ಜ್ವರ ಬಂದರೆ ಬಂದು ನೋಡುವವರಿರುವುದಿಲ್ಲ.

ಎಡವುವುದು ಹೆಚ್ಚಾಗಿ ಕ್ರಮದಲ್ಲಿ. ಹತ್ತಿರದವರಿಂದ ಶುರು ಮಾಡಿ ದೂರದವರ ಕಡೆಗೆ ಹೋಗಬೇಕು. ನಮ್ಮವರು ದೂರದ ದೊಡ್ಡ ಆಸ್ಪತ್ರೆಯಿಂದ ಶುರು ಮಾಡುತ್ತಾರೆ, ಹತ್ತಿರದವರ ನೆನಪಾಗುವುದು ಕಷ್ಟ ಬಂದ ಮೇಲೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದೇ ಒಂದು ಫೈಲು. ಸ್ಕ್ಯಾನ್ ಒಂದು ಕಡೆ, ರಕ್ತದ ರಿಪೋರ್ಟು ಇನ್ನೊಂದು ಕಡೆ, ಮದ್ದಿನ ಚೀಟಿ ಗಂಡನ ಪರ್ಸಿನಲ್ಲಿ ಎಂದಾಗಬಾರದು. ಎಲ್ಲ ಕಾಗದ ತಾರೀಕಿನ ಪ್ರಕಾರ ಆ ಫೈಲಿನೊಳಗೆ ಇರಲಿ. ಪ್ರತಿಯೊಂದರ ಫೋಟೋ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ, ಬಸುರಿಯ ತಾಯಿಯ ಮೊಬೈಲಿನಲ್ಲೂ ಇರಲಿ.

ಜೊತೆಗೆ ಒಂದು ಸಣ್ಣ ಪುಸ್ತಕ, ಜ್ವರ ನೋಡುವ ಥರ್ಮಾಮೀಟರು, ಡಾಕ್ಟರು ಹೇಳಿದ್ದರೆ ಬಿಪಿ ನೋಡುವ ಮೆಷಿನು. ಗಂಡ ಹೆಂಡತಿ ಇಬ್ಬರದೂ ರಕ್ತದ ಗುಂಪು ಬರೆದ ಕಾಗದ. ಬಸುರಿಯದೇ ರಕ್ತದ ಗುಂಪಿನ, ಕರೆದರೆ ಬರುವ ಇಬ್ಬರ ಫೋನ್ ನಂಬರು. ಅಡುಗೆ ಮನೆಯ ಗೋಡೆಗೆ ಅಂಟಿಸಲು ಒಂದು ದೊಡ್ಡ ಹಾಳೆ. ಇದರಲ್ಲಿ ಏನು ಬರೆಯಬೇಕೆಂದು ಮುಂದೆ ಹೇಳುತ್ತೇನೆ.

ಹಂತ 1: ಎರಡನೆಯ ತಿಂಗಳು — ಊರಿನ ಸಿಸ್ಟರ್ ಮತ್ತು ಆಶಾ

ಮುಟ್ಟು ನಿಂತು ಪರೀಕ್ಷೆಯಲ್ಲಿ ಬಸಿರೆಂದು ಗೊತ್ತಾದ ವಾರದಲ್ಲೇ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ನೆಂಟರಿಗೆ ಹೇಳದಿರಿ, ಅದು ನಿಮ್ಮ ಇಷ್ಟ. ಆಶಾ ಮತ್ತು ಉಪಕೇಂದ್ರದ ಸಿಸ್ಟರಿಗೆ ಮಾತ್ರ 12 ವಾರದೊಳಗೆ ಹೇಳಲೇಬೇಕು, ಹೆಸರು ನೋಂದಾಯಿಸಲೇಬೇಕು.

ನೋಂದಾವಣೆಯಾದರೆ ತಾಯಿ–ಮಗುವಿನ ಕಾರ್ಡು ಸಿಗುತ್ತದೆ, ಅದರಲ್ಲಿ ಆರ್‌ಸಿಎಚ್ ನಂಬರು, ಅಂದರೆ ಸರಕಾರದ ತಾಯಿ–ಮಗುವಿನ ದಾಖಲೆಯಲ್ಲಿ ನಿಮ್ಮ ಗುರುತಿನ ನಂಬರು, ಇರುತ್ತದೆ. ನೀವು ಖಾಸಗಿಯಲ್ಲಿ ತೋರಿಸಿದರೂ ಈ ಕಾರ್ಡು ಬೇಕು. ಧನುರ್ವಾಯು, ಗಂಟಲಮಾರಿ ಬಾರದಂತೆ ಕೊಡುವ ಟಿಡಿ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಎರಡನೆಯ ತ್ರೈಮಾಸಿಕದಲ್ಲಿ ಹುಳದ ಮಾತ್ರೆ, ಮುಂದೆ ಮಗುವಿನ ಲಸಿಕೆ, ಎಲ್ಲದರ ಲೆಕ್ಕ ಅದರಲ್ಲೇ. ಕಬ್ಬಿಣದ ಮಾತ್ರೆ ಬಸುರಿಯಾಗಿರುವಾಗ ಕಡಿಮೆಯೆಂದರೆ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ. ಅದನ್ನು ಚಹಾದ ಜೊತೆಗೂ ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ನುಂಗಬೇಡಿ, ಮೈಗೆ ಹತ್ತುವುದಿಲ್ಲ.

ಮೊದಲ ಮಗುವಾದರೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ 5000 ರೂಪಾಯಿಗೆ, ಎರಡನೆಯದು ಹೆಣ್ಣಾದರೆ 6000 ರೂಪಾಯಿಗೆ ಅರ್ಹತೆ ಇದೆಯೇ ಎಂದು ಅಂಗನವಾಡಿ ಟೀಚರಲ್ಲಿ ಕೇಳಿ. ಹೀಗೆ ಅಂಗನವಾಡಿಯವರೂ ತಂಡಕ್ಕೆ ಸೇರುತ್ತಾರೆ.

ಇಲ್ಲಿ ಆಗುವ ತಪ್ಪು ಒಂದೇ. "ಸರಕಾರಿಯವರು ನಮಗೆ ಯಾಕೆ" ಎಂದು ಆಶಾಳನ್ನು ಗೇಟಿನಿಂದಲೇ ಕಳಿಸುವುದು. ನಿಮ್ಮ ಮನೆಯ ದಾರಿ, ನಾಯಿ, ಸಂಕ, ಮಳೆಗಾಲದಲ್ಲಿ ಎಲ್ಲಿ ನೀರು ಏರುತ್ತದೆ ಎಂಬುದೆಲ್ಲ ಗೊತ್ತಿರುವ ಆರೋಗ್ಯ ಕಾರ್ಯಕರ್ತೆ ಅವಳೊಬ್ಬಳೇ. ಮಂಗಳೂರಿನ ಡಾಕ್ಟರಿಗೆ ಅದು ಗೊತ್ತಾಗುವುದಿಲ್ಲ.

ಹಂತ 2: ಪ್ರಸೂತಿ ತಜ್ಞರ ಆಯ್ಕೆ

ಡಾಕ್ಟರ ಹೆಸರು ಕೇಳಿ ಆರಿಸಬೇಡಿ, ಪ್ರಶ್ನೆ ಕೇಳಿ ಆರಿಸಿ. ಮೊದಲ ಎರಡು ಭೇಟಿಯಲ್ಲಿ ಇಷ್ಟು ಕೇಳಿ: ರಾತ್ರಿ, ಭಾನುವಾರ ನೀವು ಇಲ್ಲದಿದ್ದರೆ ಹೆರಿಗೆ ಯಾರು ಮಾಡಿಸುತ್ತಾರೆ? ಅರಿವಳಿಕೆಯ ಡಾಕ್ಟರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಹೊರಗಿಂದ ಬರಬೇಕೇ? ರಕ್ತ ಎಲ್ಲಿಂದ ತರಿಸುತ್ತೀರಿ? ಮಗುವಿಗೆ ತೊಂದರೆಯಾದರೆ ನವಜಾತ ಶಿಶುಗಳ ಐಸಿಯು ಇಲ್ಲಿದೆಯೇ, ಬೇರೆ ಕಡೆಗೆ ಕಳಿಸುತ್ತೀರಾ? ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಬಳಿ ಹೆರಿಗೆಗೆ ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಗಳ ಹೊತ್ತು ತಪ್ಪಬಾರದು. ಮೊದಲ ಸ್ಕ್ಯಾನ್ 11ರಿಂದ 14 ವಾರದೊಳಗೆ, ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ 18ರಿಂದ 20 ವಾರದಲ್ಲಿ. ಸಕ್ಕರೆಯ ಪರೀಕ್ಷೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದಲ್ಲಿ ಮತ್ತೊಮ್ಮೆ. ಮೊದಲ ಸಲ ಸರಿಯಿತ್ತೆಂದು ಎರಡನೆಯದನ್ನು ಬಿಡುವವರು ತುಂಬ ಜನ, ಗರ್ಭಕಾಲದ ಸಕ್ಕರೆ ಕಾಯಿಲೆ ಸಿಕ್ಕಿಬೀಳುವುದೇ ಆ ಎರಡನೆಯದರಲ್ಲಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕಾದ ಸ್ಥಿತಿ. ಗಂಡೋ ಹೆಣ್ಣೋ ಎಂದು ಯಾರಲ್ಲೂ ಕೇಳಬೇಡಿ. 1994ರ ಕಾನೂನಿನ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ.

ಸರಕಾರಿ ಆಸ್ಪತ್ರೆಗಳಲ್ಲಿ ತಿಂಗಳ 9ನೇ ತಾರೀಕು ಬಸುರಿಯರಿಗೆಂದೇ ವಿಶೇಷ ತಪಾಸಣೆ ಇರುತ್ತದೆ. ಖಾಸಗಿಯಲ್ಲಿ ತೋರಿಸುವವರೂ ಒಮ್ಮೆಯಾದರೂ ಅಲ್ಲಿಗೆ ಹೋಗಿ. ತುರ್ತಿಗೆ ಅಲ್ಲಿ ಹೋಗಬೇಕಾಗಿ ಬಂದರೆ ನಿಮ್ಮ ಮುಖ ಪರಿಚಯ ಇರುತ್ತದೆ.

ಹಂತ 3: ಎರಡು ಆಸ್ಪತ್ರೆ, ಎರಡು ದಾರಿ

ನಮ್ಮ ಗಡಿನಾಡಿನವರು ಹೆಚ್ಚು ಯೋಚಿಸಬೇಕಾದದ್ದು ಇದನ್ನೇ, ಕಡಿಮೆ ಯೋಚಿಸುವುದೂ ಇದನ್ನೇ.

ಒಂದು ಆಸ್ಪತ್ರೆ ನೀವು ಬಯಸುವುದು. ಇನ್ನೊಂದು, ಅಲ್ಲಿಗೆ ತಲುಪದಿದ್ದರೆ ಹೋಗುವುದು. ಎರಡನ್ನೂ ಏಳನೆಯ ತಿಂಗಳೊಳಗೆ ನಿಶ್ಚಯ ಮಾಡಿ, ಎರಡರಲ್ಲೂ ಒಮ್ಮೆ ಹೋಗಿ ಫೈಲು ತೋರಿಸಿ ಬನ್ನಿ. ಎರಡರಲ್ಲಿ ಒಂದಾದರೂ ಗಡಿಯ ಈಚೆಗೆ, ಕೇರಳದ ಬದಿಯಲ್ಲೇ ಇರಲಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ಕೂಡ ಗಡಿಯಲ್ಲಿ ನಿಂತವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮಂಗಳೂರೊಂದನ್ನೇ ನಂಬಿದ್ದ ಬಸುರಿಯರ ಮನೆಗಳಲ್ಲಿ ಆಗ ಇದ್ದ ದಿಗಿಲನ್ನು ನಾನು ಮರೆತಿಲ್ಲ. ಅಂಥದ್ದು ಮತ್ತೆ ಬಾರದಿರಲಿ. ಆದರೆ ಹೆದ್ದಾರಿಯಲ್ಲಿ ಲಾರಿ ಮಗುಚಿದರೂ ಸಾಕು, ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ.

ಮಂಜೇಶ್ವರ, ಉಪ್ಪಳ, ವರ್ಕಾಡಿ ಕಡೆಯವರಿಗೆ ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಮಂಗಳೂರಿನ ಲೇಡಿಗೋಷನ್ ಸರಕಾರಿ ಆಸ್ಪತ್ರೆಯೂ ಹತ್ತಿರ. ಕುಂಬಳೆಯಿಂದ ಕೆಳಗಿನವರಿಗೆ ಕಾಸರಗೋಡಿನ ಜನರಲ್ ಆಸ್ಪತ್ರೆ. ಪೆರ್ಲದವರು ಅಡ್ಯನಡ್ಕ, ವಿಟ್ಲ ದಾರಿಯಾಗಿ ಪುತ್ತೂರಿಗೆ ಹೋಗುತ್ತಾರೆ. ಆದೂರು, ದೇಲಂಪಾಡಿಯವರು ಜಾಲ್ಸೂರಿನ ಮೇಲೆ ಸುಳ್ಯಕ್ಕೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಬದಿಯಡ್ಕದವರಿಗೆ ಮನೆಬಾಗಿಲಲ್ಲೇ ಇದೆ, ಆದರೆ ಹೆರಿಗೆ ವಿಭಾಗ ಯಾವ ಹೊತ್ತಿಗೆ ಏನೇನು ಮಾಡುತ್ತದೆಂದು ನೀವೇ ಹೋಗಿ ಕೇಳಿ ಬರೆದುಕೊಳ್ಳಬೇಕು. ಯಾರೋ ಹೇಳಿದ್ದನ್ನು ನಂಬಿ ನೋವು ಬಂದ ಮೇಲೆ ಹೋಗಬಾರದು.

ದಾರಿಯನ್ನು ಒಮ್ಮೆ ರಾತ್ರಿ ಹೊತ್ತು ಗಂಡ ಅಥವಾ ಅಣ್ಣ ತಮ್ಮಂದಿರು ಓಡಿಸಿ ನೋಡಲಿ, ಗಡಿಯಾರ ನೋಡಿ ಬರೆದಿಡಲಿ. ಜೂನ್‌ನಿಂದ ಆಗಸ್ಟಿನವರೆಗೆ ದಿನ ತುಂಬುವವರು ಇನ್ನೊಂದು ಯೋಚನೆ ಮಾಡಬೇಕು: ಮನೆಯಿಂದ ಡಾಂಬರು ರಸ್ತೆಯವರೆಗೆ ತೋಟದ ದಾರಿಯಲ್ಲಿ ಜೀಪು ಇಳಿಯುತ್ತದೆಯೇ? ಇಲ್ಲವಾದರೆ ಕೊನೆಯ ಎರಡು ವಾರ ಪೇಟೆ ಬದಿಯ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಈಗಲೇ ಮಾಡಿ.

ವಾಹನಕ್ಕೆ ಮೂರು ಹೆಸರು ಬೇಕು. ಮನೆಯ ಕಾರು, ಹತ್ತಿರದ ಆಟೋ ಅಥವಾ ಜೀಪಿನವರು, ಮತ್ತೆ 108. ಎರಡು ರಾಜ್ಯದಲ್ಲೂ ಆಂಬುಲೆನ್ಸಿಗೆ ಇದೇ ನಂಬರು. ಗಡಿಯ ಹತ್ತಿರ ಕರೆ ಮಾಡಿದಾಗ ಮಾತು ಶುರು ಮಾಡುವ ಮೊದಲು ಕರೆ ಯಾವ ರಾಜ್ಯಕ್ಕೆ ಹೋಗಿದೆಯೆಂದು ಕೇಳಿ, ನಿಮ್ಮ ಜಿಲ್ಲೆ, ಪಂಚಾಯತು, ಗುರುತಿನ ಜಾಗ ಈ ಮೂರನ್ನೂ ಹೇಳಿ.

ಖರ್ಚಿನ ಬಗ್ಗೆ ಎರಡು ಮಾತು. ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಮದ್ದು, ಪರೀಕ್ಷೆ, ರಕ್ತ, ಊಟ ಉಚಿತ. ವಿಮೆ ಕಾರ್ಡು ಇದ್ದವರು ಅದು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಅಲ್ಲಿಯ ಕೌಂಟರಿನಲ್ಲಿ ಮೊದಲೇ ಕೇಳಿ, ಉತ್ತರ ಕೊಟ್ಟವರ ಹೆಸರು ಬರೆದಿಡಿ.

ಹಂತ 4: ಮಾತಾಡುವವರು ಮತ್ತು ಹೆರಿಗೆ ಕೋಣೆಯ ಜೊತೆಗಾತಿ

ಮಲಯಾಳ ಬಾರದ ಬಸುರಿ ಮಲಯಾಳ ಮಾತ್ರ ಬಲ್ಲ ಸಿಸ್ಟರುಗಳ ನಡುವೆ ನೋವು ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕುತ್ತಾರೆ, ಕೇಳಿದ ಪ್ರಶ್ನೆಗೆ ಅರ್ಥವಾಗದೆ ತಲೆಯಾಡಿಸುತ್ತಾರೆ. ಎರಡೂ ಭಾಷೆ ಬಲ್ಲ ಒಬ್ಬರನ್ನು ತಂಡದಲ್ಲಿ ಇಟ್ಟುಕೊಳ್ಳಿ, ಹೆರಿಗೆಯ ಹೊತ್ತಿಗೆ ಫೋನಿನಲ್ಲಾದರೂ ಸಿಗುವಂತಿರಲಿ. ಬಸುರಿ ಈ ನಾಲ್ಕನ್ನು ಬಾಯಿಪಾಠ ಮಾಡಿಕೊಳ್ಳಲಿ: "ರಕ್ತಂ ಪೋಕುನ್ನು" ಅಂದರೆ ರಕ್ತ ಹೋಗುತ್ತಿದೆ. "ವೆಳ್ಳಂ ಪೋಯಿ" ಅಂದರೆ ನೀರು ಹೋಯಿತು. "ಅನಕ್ಕಂ ಕುರವಾಣ್" ಅಂದರೆ ಮಗುವಿನ ಅಲುಗಾಟ ಕಡಿಮೆಯಾಗಿದೆ. "ತಲವೇದನ ಉಂಡ್, ಕಣ್ಣ್ ಮಂಙುನ್ನು" ಅಂದರೆ ತಲೆನೋವಿದೆ, ಕಣ್ಣು ಮಂಜಾಗುತ್ತಿದೆ. ಮತ್ತೆ, ಅವರು "ಪನಿ" ಎಂದು ಕೇಳಿದರೆ ಅದು ಜ್ವರ.

ಹೆರಿಗೆ ಕೋಣೆಯೊಳಗೆ ಜೊತೆಗಾತಿ ಇರಲು ಕೇಂದ್ರ ಸರಕಾರ 2016ರಲ್ಲೇ ಸರಕಾರಿ ಆಸ್ಪತ್ರೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಸ್ವತಃ ಹೆತ್ತ ಅನುಭವವಿರುವ, ಸೋಂಕಿನ ಕಾಯಿಲೆಯಿಲ್ಲದ ಹೆಂಗಸನ್ನು ಆರಿಸಬೇಕು. ನಿಮ್ಮ ಆಸ್ಪತ್ರೆಯಲ್ಲಿ ಬಿಡುತ್ತಾರೆಯೇ ಎಂದು ಎಂಟನೆಯ ತಿಂಗಳಲ್ಲೇ ಕೇಳಿ. ಅತ್ತೆಯೇ ಆಗಬೇಕು, ತಾಯಿಯೇ ಆಗಬೇಕು ಎಂದಿಲ್ಲ. ರಕ್ತ ನೋಡಿ ತಲೆ ತಿರುಗುವವರು, "ನಾನು ಹತ್ತು ಹೆತ್ತಿಲ್ಲವಾ" ಎಂದು ಗದರುವವರು ಬೇಡ. ಬೆನ್ನು ಉಜ್ಜಿ, ನೀರು ಕುಡಿಸಿ, ಸುಮ್ಮನೆ ಕೈ ಹಿಡಿದು ಕೂರುವವರು ಬೇಕು. ತರಬೇತಾದ ಡೌಲಾಗಳು ನಗರದಲ್ಲಿ ಸಿಗುತ್ತಾರೆ. ಅವರು ಸಮಾಧಾನಕ್ಕೆ, ಆರೈಕೆಗೆ. ಹೆರಿಗೆ ಮಾಡಿಸಲು ಅಲ್ಲ.

ಹಂತ 5: ತವರಿಗೆ ಹೊರಡುವ ಮೊದಲು

ಚೊಚ್ಚಲ ಹೆರಿಗೆಗೆ ಸೀಮಂತ ಮುಗಿಸಿ ತವರಿಗೆ ಹೋಗುವುದು ನಮ್ಮ ಕ್ರಮ. ತಂಡ ಒಡೆಯುವುದು ಆ ದಿನವೇ.

ಎಷ್ಟೋ ವರ್ಷದ ಹಿಂದಿನ ಮಾತು. ನನ್ನ ಉಪಕೇಂದ್ರದಲ್ಲಿ ಹೆಸರಿದ್ದ ಹುಡುಗಿಯೊಬ್ಬಳು ಗಡಿಯಾಚೆಯ ತವರಿಗೆ ಹೋದಳು. ಅವಳದು ನೆಗೆಟಿವ್ ಗುಂಪು, ಗಂಡನದು ಪಾಸಿಟಿವ್. ಅಂಥವರಿಗೆ 28 ವಾರದ ಹೊತ್ತಿಗೆ ಆ್ಯಂಟಿ–ಡಿ ಚುಚ್ಚುಮದ್ದು, ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು ಆಗಬೇಕು, ಇಲ್ಲವಾದರೆ ಮುಂದಿನ ಮಗುವಿಗೆ ಅಪಾಯ. ಅವಳ ರಿಪೋರ್ಟು ಗಂಡನ ಮನೆಯ ಕಪಾಟಿನಲ್ಲೇ ಉಳಿದಿತ್ತು. ಮೂರನೆಯ ದಿನ ಸಾಯಂಕಾಲ ಅವಳ ಗಂಡ ನನಗೆ ಫೋನು ಮಾಡಿ, ನಾನು ಓಡಿ ಆ ಆಸ್ಪತ್ರೆಯವರಿಗೆ ತಿಳಿಸಿ, ಹೊತ್ತು ಮೀರಲು ಕೆಲವೇ ಗಂಟೆ ಉಳಿದಿರುವಾಗ ಚುಚ್ಚುಮದ್ದಾಯಿತು. ಹೊರಡುವ ದಿನ ನಾನೂ ಫೈಲು ಕೇಳಿ ನೋಡಿರಲಿಲ್ಲ. ಆಮೇಲೆ ತವರಿಗೆ ಹೋಗುವ ಯಾವ ಹುಡುಗಿಯನ್ನೂ ಫೈಲು ನೋಡದೆ ಕಳಿಸಿಲ್ಲ.

ಹೊರಡುವ ಒಂದು ವಾರ ಮೊದಲು: ಈ ಊರಿನ ಆಶಾ ಆ ಊರಿನ ಆಶಾಗೆ ಫೋನು ಮಾಡಿ ಮಾತಾಡಲಿ, ನೀವೇ ಎದುರು ಕೂತು ಮಾಡಿಸಿ. ಆರ್‌ಸಿಎಚ್ ನಂಬರು ಅವಳಿಗೆ ಹೋಗಲಿ. ಕರ್ನಾಟಕದ ತಾಯಿ ಕಾರ್ಡು ಹೊಸತಾಗಿ ಮಾಡಿಸಿದರೂ ಕೇರಳದ್ದನ್ನು ಎಸೆಯಬೇಡಿ, ಎರಡನ್ನೂ ಪಿನ್ ಹಾಕಿ ಒಟ್ಟಿಗಿಡಿ. ಡಾಕ್ಟರು ಬದಲಾಗುವುದಿದ್ದರೆ ಹಳೆಯ ಡಾಕ್ಟರಿಂದ ಒಂದು ಪುಟ ಬರೆಸಿಕೊಳ್ಳಿ. 36 ವಾರ ದಾಟಿದ ಮೇಲೆ ಡಾಕ್ಟರನ್ನು ಬದಲಿಸಬೇಡಿ, ತೀರ ಅಗತ್ಯವಿದ್ದರೆ ಹೊರತು.

ಹಂತ 6: ಬಾಣಂತನದ ತಂಡವನ್ನು ಏಳನೆಯ ತಿಂಗಳಲ್ಲೇ ನಿಶ್ಚಯಿಸಿ

ಹೆರಿಗೆ ಒಂದು ದಿನದ್ದು, ಬಾಣಂತನ ತಿಂಗಳುಗಳದ್ದು. ಆದರೂ ಎಲ್ಲ ತಯಾರಿ ಆ ಒಂದು ದಿನಕ್ಕೇ ಮುಗಿದುಹೋಗುತ್ತದೆ.

ಮೊದಲು ಮೀಯಿಸುವವರು. ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಬರುವ ಹೆಂಗಸರು ಈಗ ಸುಲಭಕ್ಕೆ ಸಿಗುವುದಿಲ್ಲ, ಆದ್ದರಿಂದ ಬೇಗ ಮಾತಾಡಿ ಇಡಬೇಕು. ಅವರ ಕೈಯ ಅನುಭವಕ್ಕೆ ನನಗೆ ಗೌರವವಿದೆ. ಕೆಲವು ವಿಷಯ ಮಾತ್ರ ಮೊದಲೇ ಒಪ್ಪಿಸಿಕೊಳ್ಳಿ: ಸಿಸೇರಿಯನ್ ಆಗಿದ್ದರೆ ಡಾಕ್ಟರು ಹೇಳುವವರೆಗೆ ಗಾಯಕ್ಕೆ ಎಣ್ಣೆ, ಬಿಸಿನೀರಿನ ಹೊಡೆತ ಬೇಡ. ಹೊಟ್ಟೆ ಒತ್ತುವುದು, ಬಿಗಿಯಾಗಿ ಕಟ್ಟುವುದು ಬೇಡ. ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು, ಹೊಗೆ ಹಾಕಬಾರದು, ಹೊಕ್ಕುಳಿಗೆ ಏನೂ ಹಚ್ಚಬಾರದು, ಜೇನು ನೆಕ್ಕಿಸಬಾರದು. ಅವರಿಗೆ ಕೆಮ್ಮು, ಜ್ವರವಿದ್ದ ದಿನ ಬರುವುದು ಬೇಡ, ಆದರೆ ಆ ದಿನದ ಸಂಬಳ ತಪ್ಪದೆ ಕೊಡಿ.

ಆಶಾ ಮನೆಗೆ ಬರಬೇಕಾದ ದಿನಗಳು: ಆಸ್ಪತ್ರೆಯಲ್ಲಿ ಹೆತ್ತವರಿಗೆ 3, 7, 14, 21, 28 ಮತ್ತು 42ನೆಯ ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಾರದಿದ್ದರೆ ನೀವೇ ಕರೆಯಿರಿ.

ಎದೆಹಾಲು ಕೊಡಿಸಲು ತಿಳಿದವರು ಒಬ್ಬರು ಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಮಗು ಎದೆಗೆ ಬರಬೇಕು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಆರು ತಿಂಗಳು ಬೇರೇನೂ ಬೇಡ, ನೀರೂ ಬೇಡ. ಇದೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹಿಡಿಸುವ ರೀತಿ. ತೊಟ್ಟು ಮಾತ್ರ ಬಾಯಲ್ಲಿದ್ದರೆ ತೊಟ್ಟು ಒಡೆಯುತ್ತದೆ, ಮಗು ಅಳುತ್ತದೆ, ನಾಲ್ಕನೆಯ ದಿನ "ಹಾಲು ಸಾಲುವುದಿಲ್ಲ" ಎಂದು ಡಬ್ಬಿಯ ಹಾಲು ಬರುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಡಿಸ್ಚಾರ್ಜ್ ಆಗುವ ಮೊದಲು ವಾರ್ಡಿನ ಸಿಸ್ಟರ್ ಎದುರು ನೀವೇ ಹಿಡಿಸಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಂಡೇ ಮನೆಗೆ ಬನ್ನಿ.

ಮಕ್ಕಳ ಡಾಕ್ಟರನ್ನು ಮಗು ಹುಟ್ಟುವ ಮೊದಲೇ ಗೊತ್ತು ಮಾಡಿ. ಬಿಸಿಜಿ, ಪೋಲಿಯೊ, ಹೆಪಟೈಟಿಸ್–ಬಿ ಹುಟ್ಟಿದ ಕೂಡಲೇ. ಮುಂದಿನದು 6, 10, 14 ವಾರಕ್ಕೆ. ಬಾಣಂತಿಗೆ ಬೆನ್ನುನೋವು, ಕೆಮ್ಮಿದರೆ ಮೂತ್ರ ಜಾರುವುದು ಇದ್ದರೆ ಫಿಸಿಯೋಥೆರಪಿಯವರನ್ನು ಕಾಣಿ. ಹೆತ್ತ ಮೇಲೆ ಇದೆಲ್ಲ ಇರುವುದೇ ಎಂದು ನುಂಗಿಕೊಂಡು ಕೂರಬೇಡಿ.

ಬಾಣಂತಿ ಲೇಹ್ಯ, ಕಷಾಯ ಕೊಡುವ ವೈದ್ಯರೂ ತಂಡದವರೇ. ಆದರೆ ಅವರಿಗೆ ಪ್ರಸೂತಿ ತಜ್ಞರ ಚೀಟಿ ತೋರಿಸಿ, ತಜ್ಞರಿಗೆ ಕಷಾಯದ ಹೆಸರು ಹೇಳಿ. ಬಿಪಿ, ಸಕ್ಕರೆ ಇದ್ದವರು ಇದನ್ನು ಮುಚ್ಚಿಡಲೇಬಾರದು. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಪಥ್ಯವನ್ನು ದಯವಿಟ್ಟು ಬಿಡಿ. ಕುಚ್ಚಿಲಕ್ಕಿ ಗಂಜಿ ಒಳ್ಳೆಯದೇ, ಅದರ ಜೊತೆ ಸೊಪ್ಪು, ಹೆಸರು, ತಿನ್ನುವವರಾದರೆ ಮೊಟ್ಟೆ ಮೀನು ಕೂಡ ಬೇಕು.

ಕೊನೆಗೆ ಮನಸ್ಸು. ಮೂರನೆಯ, ನಾಲ್ಕನೆಯ ದಿನದಿಂದ ಸುಮ್ಮನೆ ಅಳು ಬರುವುದು ಎಷ್ಟೋ ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಮಗುವನ್ನು ನೋಡುವ ಮನಸ್ಸೇ ಬಾರದಿದ್ದರೆ, ಮಗು ಮಲಗಿದರೂ ಅವಳಿಗೆ ನಿದ್ದೆ ಹತ್ತದಿದ್ದರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಇಲ್ಲದ ದನಿ ಕೇಳಿಸುತ್ತಿದೆ ಎಂದರೆ, ಸಾಯುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ. ಜೋಯಿಸರಲ್ಲಿ ಕೇಳಿಸುವುದಿದ್ದರೆ ಕೇಳಿಸಿ, ಆಸ್ಪತ್ರೆಗೆ ಹೋಗಿ ಬಂದ ಮೇಲೆ.

ಹಂತ 7: ಗೋಡೆಯ ಹಾಳೆ

ಮೇಲ್ಭಾಗದಲ್ಲಿ ಫೋನ್ ನಂಬರುಗಳು, ಕರೆಯಬೇಕಾದ ಕ್ರಮದಲ್ಲಿ: ವಾಹನ, ಆಸ್ಪತ್ರೆಯ ಹೆರಿಗೆ ವಾರ್ಡು, ಸಿಸ್ಟರ್, ಆಶಾ, ರಕ್ತ ಕೊಡುವವರು. ಗಂಡ ಊರಲ್ಲಿಲ್ಲದಿದ್ದರೆ, ಗಲ್ಫಿನಲ್ಲಿದ್ದರೆ, ತೀರ್ಮಾನ ಮಾಡುವವರು ಯಾರೆಂದು ಒಂದೇ ಹೆಸರು ಬರೆಯಿರಿ. ಫೋನಿನಲ್ಲಿ ಎಲ್ಲರನ್ನೂ ಕೇಳಿ ಹೊರಡುವಷ್ಟರಲ್ಲಿ ಹೊತ್ತು ಮೀರುತ್ತದೆ.

ಕೆಳಗೆ, ಕಂಡ ಕೂಡಲೇ ಹೊರಡಬೇಕಾದ ಲಕ್ಷಣಗಳು.

ಬಸುರಿಗೆ: ರಕ್ತ ಹೋಗುವುದು; ನೀರು ಹೋಗುವುದು; ಬಿಡದ ತಲೆನೋವು, ಕಣ್ಣು ಮಂಜು, ಮುಖ ಊದುವುದು; ಫಿಟ್ಸ್; ಉಸಿರಾಡಲು ಕಷ್ಟ; ಜ್ವರ; ಮಗುವಿನ ಅಲುಗಾಟ ಕಡಿಮೆಯಾಗುವುದು. ಬಿಪಿ 140/90 ಮುಟ್ಟಿದರೆ ಆ ದಿನವೇ ಡಾಕ್ಟರಿಗೆ ತಿಳಿಸಿ, 160/110 ಆದರೆ ಆ ಗಳಿಗೆಯೇ ಹೊರಡಿ.

ಬಾಣಂತಿಗೆ: ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವುದು, ನಾತದ ಸ್ರಾವ, ಜ್ವರ, ನಡುಕ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ತಲೆನೋವು, ಫಿಟ್ಸ್. ಹೆತ್ತಾಯಿತು, ಇನ್ನು ಬಿಪಿಯ ಭಯವಿಲ್ಲ ಎಂದುಕೊಳ್ಳಬೇಡಿ, ಹೆರಿಗೆಯ ನಂತರವೂ ಏರುತ್ತದೆ.

ಮಗುವಿಗೆ: ಹಾಲು ಕುಡಿಯದಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆ ಒಳಗೆ ಎಳೆಯುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಮೊದಲ ದಿನವೇ ಹಳದಿ, ಅಥವಾ ಅಂಗೈ ಅಂಗಾಲಿಗೆ ಇಳಿದ ಹಳದಿ, ಹೊಕ್ಕುಳ ಸುತ್ತ ಕೆಂಪು, ಕೀವು.

ಹಂತ 8: ಆರನೆಯ ವಾರ

ಆರನೆಯ ವಾರದ ತಪಾಸಣೆಗೆ ಮಗುವನ್ನು ಮಾತ್ರ ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿ ಬರುತ್ತಾರೆ, ತಾಯಿಯನ್ನು ಯಾರೂ ತೋರಿಸುವುದಿಲ್ಲ. ಅವಳ ಬಿಪಿ, ಹಿಮೋಗ್ಲೋಬಿನ್, ಹೊಲಿಗೆ, ಎದೆ, ಮನಸ್ಸು ನೋಡಬೇಕು. ಗರ್ಭಕಾಲದಲ್ಲಿ ಸಕ್ಕರೆ ಇದ್ದವರಿಗೆ ಮತ್ತೆ ಸಕ್ಕರೆ ಪರೀಕ್ಷೆ ಆಗಬೇಕು. ಮುಂದಿನ ಮಗುವಿನ ಅಂತರದ ಮಾತೂ ಆಗಲೇ ಮುಗಿಯಲಿ.

ಜನನ ನೋಂದಾವಣೆ ಮಗು ಹುಟ್ಟಿದ ಊರಿನಲ್ಲೇ, 21 ದಿನದೊಳಗೆ. ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದರೆ ಸರ್ಟಿಫಿಕೇಟು ಬರುವುದು ಕರ್ನಾಟಕದ್ದು, ನಿಮ್ಮ ಪಂಚಾಯತಿನಿಂದ ಅಲ್ಲ. ಆಸ್ಪತ್ರೆಯಲ್ಲಿ ಬರೆಯಿಸುವಾಗ ತಂದೆ ತಾಯಿಯ ಹೆಸರು ಆಧಾರಿನಲ್ಲಿರುವ ಅಕ್ಷರದಂತೆಯೇ ಇದೆಯೇ ಎಂದು ನಿಂತು ಓದಿ. ಕನ್ನಡ ಹೆಸರನ್ನು ಮಲಯಾಳದಲ್ಲಿ ಬರೆದು, ಅಲ್ಲಿಂದ ಇಂಗ್ಲಿಷಿಗೆ ಇಳಿಸುವಾಗ ಅಕ್ಷರ ಬದಲಾಗಿ, ಶಾಲೆಗೆ ಸೇರಿಸುವ ವರ್ಷ ತಿದ್ದುಪಡಿಗೆ ಅಲೆಯುವವರು ಇನ್ನೂ ನನ್ನ ಬಳಿ ಬರುತ್ತಾರೆ.